ಟವಲಿನ ಕೆಳಗಿನ ಕೈ

ಅಕ್ಕಲಕೋಟ
೮ ಸೆಪ್ಟೆಂಬರ್ ೨೦೨೫

ಮನೀಷಾ,

ತಂಗಿಗೆ ಬರೆಯುವಾಗ ಮೊದಲು ಆಶೀರ್ವಾದ ಬರೆಯಬೇಕು. ಬರೆದಿಲ್ಲ. ಬೇಕೆಂದೇ ಬಿಟ್ಟಿದ್ದೇನೆ.

ಒಂಬತ್ತು ವರ್ಷದಲ್ಲಿ ನಿನಗೆ ಒಂದು ಸಾಲು ಬರೆದವನಲ್ಲ ನಾನು. ಈಗ ಬರೆಯುತ್ತಿರುವುದೂ ಮಾಯೆ-ಮಮತೆ ಉಕ್ಕಿ ಬಂದು ಅಲ್ಲ. ನಿನ್ನೆ ಸಂಜೆ ಯೂಟ್ಯೂಬಿನಲ್ಲಿ ನೀನು ಬರೆಯುವ ‘ಭಾವುಸಾಹೇಬರ ಟವಲು’ ಧಾರಾವಾಹಿಯ ಹತ್ತನೆಯ ಕಂತು ಬಂತಲ್ಲ, ಇವತ್ತು ಮುಂಜಾನೆ ನಾನು ಕಾಳಿನ ದಲಾಲಿಯ ಆಡತ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಉದ್ದು ತಂದಿದ್ದ ಹನ್ನೂರದ ರೈತನೊಬ್ಬ ಕೈಮುಗಿದು, "ನಮಸ್ಕಾರ್ರಿ ಭಾವುಸಾಹೇಬ್ರ" ಅಂದ. ಹಮಾಲರು ಚೀಲ ಕೆಳಗಿಟ್ಟು ನಕ್ಕರು. ನನ್ನ ಹೆಸರು ಗುರುಸಿದ್ಧ. ಅಪ್ಪ ಶಾಂತಪ್ಪ ಇಟ್ಟ ಹೆಸರು. ಅದನ್ನು ನೀನು ಹತ್ತು ವಾರದಲ್ಲಿ ಅಳಿಸಿ ಹಾಕಿದೆ.

ನಿನ್ನ ಭಾವುಸಾಹೇಬ ಎಂಥವನು! ತಾನೇ ಗಟಾರ ಒಡೆಸುತ್ತಾನೆ, ತಾನೇ ಜನರನ್ನು ಕೂಡಿಸಿ ನಗರಪರಿಷತ್ತಿಗೆ ಮೋರ್ಚಾ ಒಯ್ಯುತ್ತಾನೆ, ತಾನೇ ರಿಪೇರಿ ಗುತ್ತಿಗೆ ಹಿಡಿಯುತ್ತಾನೆ. ದೇವರ ಆಣೆ, ನಾನು ಗಟಾರದ ಗುತ್ತಿಗೆ ಒಮ್ಮೆಯೂ ಹಿಡಿದಿಲ್ಲ. ಅದು ನಮ್ಮ ವಾರ್ಡಿನ ಧನರಾಜನದು. ನಂದು ರಸ್ತೆ.

ಮತ್ತೆ ಆ ಟವಲು. ಆಡತದಲ್ಲಿ ದರ ಕುದುರಿಸುವಾಗ ಟವಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಮಾತಾಡುವುದನ್ನು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ. ಅದನ್ನೂ ಬಿಡಲಿಲ್ಲ ನೀನು. ಬಳಸಿಕೊಂಡ ಮೇಲೆ ಸರಿಯಾಗಿಯಾದರೂ ಬಳಸು! ನಿನ್ನ ನಟ ಎದುರಿನವನ ಕಿರುಬೆರಳು ಹಿಡಿದರೆ ಸೌದಾ ಮುಗೀತಂತೆ. ಕಿರುಬೆರಳು ಹಿಡಿದರೆ ಯಾವ ಸೌದಾನೂ ಮುಗಿಯುವುದಿಲ್ಲ. ಹೆಬ್ಬೆರಳು ಮಡಚಬೇಕು. ಅಷ್ಟೂ ಮರೆತಿಯಾ?

ಇನ್ನು ಒಂದೇ ಕಂತು ಉಳಿದಿದೆ, ದೀಪಾವಳಿಯ ಭಾವುಬೀಜದ ದಿನ ಬರುತ್ತದೆ ಅಂತ ನಿನ್ನೆ ಕೊನೆಗೆ ತೋರಿಸಿದರು. ಅಣ್ಣನಿಗೆ ಆರತಿ ಎತ್ತುವ ದಿನ ಹುಡುಕಿ ಇಟ್ಟಿದ್ದೀ, ಶಾಣ್ಯಾಕಿ. "ಭಾವುಸಾಹೇಬ ತನ್ನ ತಂಗಿಗೆ ಏನು ಮಾಡಿದ?" ಎಂಬ ಜಾಹೀರಾತು ನೋಡಿದೆ. ಆ ಒಂದು ದೃಶ್ಯ ತೆಗೆದು ಹಾಕು. ಬೇಕಾದರೆ ಅವನನ್ನು ಜೈಲಿಗೆ ಹಾಕು, ಕತ್ತೆಯ ಮೇಲೆ ಕೂರಿಸಿ ಊರು ಸುತ್ತಿಸು, ನಾನು ತುಟಿ ಬಿಚ್ಚುವುದಿಲ್ಲ. ಅದೊಂದು ಬೇಡ.

ಇದನ್ನು ಕಾಗದದ ಮೇಲೆ ಬರೆದು ನಮ್ಮ ಗುಮಾಸ್ತ ಮಲಕಾಜಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ದಿನಾ ಸೊಲ್ಲಾಪುರಕ್ಕೆ ಓಡಾಡುತ್ತಾನೆ. ಫೋನಿನಲ್ಲಿ ಬರೆದರೆ ನೀನು ಊರಿಗೆಲ್ಲ ಹಂಚುತ್ತೀ. ಕನ್ನಡದಲ್ಲಿ ಬರೆದದ್ದು ಯಾಕೆಂದರೆ ನನ್ನ ಮಗಳು ಸ್ನೇಹಲಳಿಗೆ, ಪಕ್ಷದ ಹುಡುಗರಿಗೆ ಇದನ್ನು ಓದಲು ಬರುವುದಿಲ್ಲ. ಈ ಮನೆಯಲ್ಲಿ ಕನ್ನಡ ಸಾಲಿಗೆ ಹೋದವರು ನೀನು, ನಾನು ಇಬ್ಬರೇ.

ಗುರುಸಿದ್ಧ


ಸೊಲ್ಲಾಪುರ
೧೨ ಸೆಪ್ಟೆಂಬರ್ ೨೦೨೫

ಮಾನ್ಯ ಶ್ರೀ ಗುರುಸಿದ್ಧ ಸಾಹೇಬರಿಗೆ,

ತಮ್ಮ ಪತ್ರ ಮುಟ್ಟಿತು. ಭಾವುಸಾಹೇಬ ಕಾಲ್ಪನಿಕ ವ್ಯಕ್ತಿ. ಪ್ರತಿ ಕಂತಿನ ಆರಂಭದಲ್ಲಿ ಹಾಗೆಂದು ಬರೆದಿರುತ್ತೇವೆ. ಆ ಅಂಗಿ ತಮಗೆ ಸರಿಯಾಗಿ ಕೂತರೆ ಅದು ದರ್ಜಿಯ ತಪ್ಪಲ್ಲ.

ಕಿರುಬೆರಳಿನ ವಿಷಯ ಕೇಳಿದ್ದೀರಿ. ತಪ್ಪನ್ನು ಬೇಕೆಂದೇ ಮಾಡಿದ್ದೇನೆ. ನಿರ್ದೇಶಕ ಸೋಮೇಶ ನಾಲ್ಕು ಸಲ ಕೇಳಿದರೂ ನಿಜವಾದದ್ದನ್ನು ಹೇಳಲಿಲ್ಲ. ಹೆಬ್ಬೆರಳು ಅಪ್ಪನದು. ಅದನ್ನು ಲಕ್ಷ ಜನ ನೋಡುವ ಕಡೆ ಇಡುವುದಿಲ್ಲ. ತಮ್ಮಷ್ಟು ನಾನು ಮಾರುವವಳಲ್ಲ.

ದೃಶ್ಯ ಯಾಕೆ ಬೇಡ ಎಂದು ತಾವು ಬರೆದಿಲ್ಲ. ನಾನೇ ಬರೆಯುತ್ತೇನೆ, ತಮಗೆ ಮರೆತಿದ್ದರೆ ಇರಲಿ. ಎರಡು ಸಾವಿರದ ಹದಿನಾರು. ನಮ್ಮ ವಾರ್ಡು ಹೆಂಗಸರ ಮೀಸಲಿಗೆ ಬಂತು. ತಾವು ತಮ್ಮ ಹೆಂಡತಿ, ನನ್ನ ವೈನಿಯಿಂದ ಅರ್ಜಿ ಹಾಕಿಸಿದಿರಿ. ಅದು ತಿರಸ್ಕಾರವಾದರೆ ಕೈಯಲ್ಲಿರಲಿ ಅಂತ, ಗಂಡ ಸತ್ತು ತವರಿಗೆ ಬಂದು ಕೂತಿದ್ದ ನನ್ನಿಂದ ಡಮ್ಮಿ ಅರ್ಜಿ ಹಾಕಿಸಿದಿರಿ. ವೈನಿಯ ಅರ್ಜಿ ಬಿದ್ದಿತು, ನನ್ನದು ಉಳಿಯಿತು. ಹನ್ನೆರಡು ದಿನ ನಾನು ಮನೆಮನೆಗೆ ಹೋದೆ. ಜನ ನನ್ನನ್ನು ಕೂಡಿಸಿ ನೀರು ಕೊಟ್ಟು ಮಾತು ಕೇಳಿದರು. ಅಷ್ಟು ವರ್ಷದಲ್ಲಿ ಯಾರೂ ನನ್ನ ಮಾತು ಕೇಳಿರಲಿಲ್ಲ ಅಣ್ಣ. ಆ ಹನ್ನೆರಡು ದಿನ ನಾನು ಮನುಷ್ಯಳಾಗಿದ್ದೆ.

ತಾವು ಆ ಹೊತ್ತಿಗೆ, ಎದುರಿಗೆ ಹೆಂಡತಿಯನ್ನು ನಿಲ್ಲಿಸಿದ್ದ ಧನರಾಜನ ಜೊತೆ ಟವಲು ಹಾಕಿ ಕೂತಿದ್ದಿರಿ. ಅವನ ಹೆಂಡತಿ ಎದುರಾಳಿಯೇ ಇಲ್ಲದೆ ಬಿನವಿರೋಧ ಆರಿಸಿ ಬರಬೇಕು, ತಾವು ಚುನಾವಣೆಯೇ ಇಲ್ಲದೆ ಸ್ವೀಕೃತ ನಗರಸೇವಕರಾಗಿ ನಗರಪರಿಷತ್ತಿನ ಒಳಗೆ ಕೂರಬೇಕು. ಅರ್ಜಿ ವಾಪಸ್ ತೆಗೆಯುವ ಕೊನೆಯ ದಿನ ನಾನು ಕರಪತ್ರ ಅಚ್ಚು ಹಾಕಿಸಲು ಸೊಲ್ಲಾಪುರಕ್ಕೆ ಬಂದಿದ್ದೆ. ತಮ್ಮ ಫೋನು ಬಂತು. "ಅವ್ವನ ಉಸಿರು ಮ್ಯಾಲ ಹತ್ಯಾದ. ಮಾರಿ ನೋಡಬೇಕಂದ್ರ ಬಾ." ಓಡಿ ಬಂದೆ. ಅವ್ವ ಕಣ್ಣು ಮುಚ್ಚಿ ಮಲಗಿದ್ದಳು. ತಾವು ಕಾಗದ ಮುಂದಿಟ್ಟು, "ಮನಿ ಒಡಿಯೂದು ನೋಡ್ಕೋತ ಸಾಯಬಾರ್ದು ಆಕಿ, ಸಹಿ ಮಾಡು" ಅಂದಿರಿ. ಮಾಡಿದೆ. ನಾಲ್ಕು ಗಂಟೆಗೆ ಕಾಗದ ಕಚೇರಿ ಮುಟ್ಟಿತು. ಐದು ಗಂಟೆಗೆ ಅವ್ವ ಎದ್ದು ಚಹಾ ಕುಡಿದಳು.

ಇದೇ ದೃಶ್ಯ. ಒಂದು ಅಕ್ಷರ ಬಿಡುವುದಿಲ್ಲ.

ಅವ್ವ ಹೇಗಿದ್ದಾಳೆ ಎಂದು ಕೇಳುವುದಿಲ್ಲ. ಕೇಳಿದರೆ ಅದಕ್ಕೂ ದರ ಹೇಳುತ್ತೀರಿ.

ಮನೀಷಾ


ಅಕ್ಕಲಕೋಟ
೧೫ ಸೆಪ್ಟೆಂಬರ್ ೨೦೨೫

ಮನೀಷಾ,

‘ತಾವು’ ಅಂತೆ. ನಡುವೆ ಒಮ್ಮೆ ‘ಅಣ್ಣ’ ಅಂದು ಸಿಕ್ಕಿಬಿದ್ದಿದ್ದೀ, ನೋಡಿಕೋ.

ದರ ಹೇಳುತ್ತೇನೆ ಅಂದೆಯಲ್ಲ, ಹೇಳಿಯೇ ಬಿಡುತ್ತೇನೆ. ಆ ದೃಶ್ಯ ತೆಗೆ, ಮನೆ ಬಾಗಿಲು ತೆರೆಯುತ್ತೇನೆ. ಒಂಬತ್ತು ವರ್ಷದಲ್ಲಿ ನೀನು ಎರಡು ಸಲ ಬಂದು ಪೌಳಿಯ ಹೊರಗೆ ನಿಂತು ಹೋದೆ. ನಿನ್ನ ವೈನಿ "ಅತ್ತಿ ಮಲಗ್ಯಾರ" ಅಂದು ಕಳಿಸಿದಳು. ಇನ್ನು ಹಾಗಾಗುವುದಿಲ್ಲ. ಬಾ, ಅವ್ವನ ಹತ್ತಿರ ಕೂಡು, ಊಟ ಮಾಡು, ಎಂಟು ದಿನ ಇರು. ಆಕೆಗೆ ಎಂಬತ್ತೆರಡು. ಎಷ್ಟು ದಿನ ಇರುತ್ತಾಳೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

ಒಂದು ಕಡೆ ಅವ್ವ, ಇನ್ನೊಂದು ಕಡೆ ಹತ್ತು ನಿಮಿಷದ ನಾಟಕ. ಯಾವುದು ಭಾರ ಅಂತ ನೀನೇ ತೂಗು.

ಗುರುಸಿದ್ಧ


ಸೊಲ್ಲಾಪುರ
೨೨ ಸೆಪ್ಟೆಂಬರ್ ೨೦೨೫

ಗುರುಸಿದ್ಧ ಅವರಿಗೆ,

ಏಳು ದಿನ ತೂಗಿದೆ. ಮಲಕಾಜಪ್ಪ ಮೂರು ಸಲ ಬಂದು, "ಉತ್ತರ ಬರದೀರೇನ್ರಿ ಅಕ್ಕಾರ?" ಎಂದು ಕೇಳಿ ಬರಿಗೈಲಿ ಹೋದ. ಒಂದು ದಿನ ‘ಆಯಿತು, ತೆಗೆಯುತ್ತೇನೆ’ ಎಂದೇ ಬರೆದಿದ್ದೆ. ಹರಿದು ಹಾಕಿದೆ.

ಅವ್ವನ ಹೆಸರು ಹೇಳಿ ಒಮ್ಮೆ ನನ್ನಿಂದ ಸಹಿ ಮಾಡಿಸಿಕೊಂಡಿದ್ದೀರಿ. ಎರಡನೆಯ ಸಲ ಅದೇ ಹೆಸರಿಗೆ ಅದೇ ಕೈ ಮುಂದೆ ಬರುವುದಿಲ್ಲ. ನನ್ನ ಹೆತ್ತವಳನ್ನು ನೋಡಲು ನಾನು ಟವಲಿನ ಕೆಳಗೆ ಕೈ ಹಾಕಬೇಕೇ? ನಾಚಿಕೆಯಾಗಬೇಕು ನಿಮಗೆ. ಆಗುವುದಿಲ್ಲ, ಗೊತ್ತು.

ಡಿಸೆಂಬರಿನಲ್ಲಿ ನಗರಪರಿಷತ್ತಿನ ಚುನಾವಣೆ ಆಗಬಹುದು ಎಂದು ಎಲ್ಲರೂ ಅನ್ನುತ್ತಿದ್ದಾರೆ. ನಿಮಗೆ ಪಕ್ಷದ ತಿಕೀಟು ಬೇಕು. ಆ ದೃಶ್ಯ ಬಂದರೆ ತಿಕೀಟು ಹೋಗುತ್ತದೆ. ಇಷ್ಟೇ ಇದರ ಒಳಗುಟ್ಟು. ಅಕ್ಟೋಬರ್ ಹನ್ನೊಂದಕ್ಕೆ ಕುಂಭಾರಿಯಲ್ಲಿ ಒಂದು ಮನೆ ಹಿಡಿದು ಆ ದೃಶ್ಯದ ಶೂಟಿಂಗ್ ಇಟ್ಟಿದ್ದೇವೆ. ಬಂದು ನೋಡಿ. ಕುರ್ಚಿ ಹಾಕಿಸುತ್ತೇನೆ.

ಮನೀಷಾ


ಅಕ್ಕಲಕೋಟ
೩ ಅಕ್ಟೋಬರ್ ೨೦೨೫

ಮನೀಷಾ,

ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ನೀನು ಕೆಲಸ ಮಾಡುವ ಚಾದರ ಕಾರಖಾನೆಯ ಮಾಲೀಕರು ನಿನ್ನೆ ನನ್ನ ಜೊತೆ ಚಹಾ ಕುಡಿದರು. ಆಫೀಸಿನಲ್ಲಿ ಕೂತು ನಾಟಕ ಬರೆಯುವ ಕ್ಲಾರ್ಕಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಇನ್ನೂ ಟೈಮಿದೆ. ವಿಚಾರ ಮಾಡು.

ಗುರುಸಿದ್ಧ


ಸೊಲ್ಲಾಪುರ
೬ ಅಕ್ಟೋಬರ್ ೨೦೨೫

ಗುರುಸಿದ್ಧ ಅವರಿಗೆ,

ಮಾಲೀಕರು ನನ್ನನ್ನು ಕ್ಯಾಬಿನ್ನಿಗೆ ಕರೆಸಿ ಬಾಗಿಲು ಹಾಕಿಕೊಂಡರು. ಕೆಲಸ ಹೋಯಿತು ಅಂದುಕೊಂಡೆ. ಅವರು ದನಿ ಇಳಿಸಿ, "ಮನೀಷಾಬಾಯಿ, ಮೊನ್ನೆ ಭಾವುಸಾಹೇಬರ ಜೊತೆ ಖರೇನ ಚಹಾ ಕುಡದೆ! ಥೇಟ್ ಹಂಗ ಮಾತಾಡ್ತಾರ. ಧಮಕಿ ಕೊಡೂಮುಂದ ಬಿಸ್ಕೀಟ ಮುಂದ ಸರಸ್ತಾರ. ಅದನ್ನ ಕಥಿಯೊಳಗ ಹಾಕ್ರಿ" ಅಂದರು. ಹಾಕಿದ್ದೇನೆ. ನನಗೊಂದು ಒಳ್ಳೆಯ ಸನ್ನಿವೇಶ ಕೊಟ್ಟಿದ್ದಕ್ಕೆ ಆಭಾರಿ.

ಮನೀಷಾ


ಅಕ್ಕಲಕೋಟ
೧೦ ಅಕ್ಟೋಬರ್ ೨೦೨೫

ತಂಗಿ,

ಮುಂಜಾನೆಯಿಂದ ಅವ್ವ ಮಾತು ಬಿಟ್ಟಿದ್ದಾಳೆ. ನೀರೂ ಇಳಿಯುತ್ತಿಲ್ಲ. ನೀನು ನಂಬುವುದಿಲ್ಲ, ಗೊತ್ತು. ನಾನು ನಿನ್ನ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ. ಹತ್ತಿರ ಕೂತಿದ್ದೆ. ಚಾದರದ ಕೆಳಗೆ ನನ್ನ ಕೈ ಹುಡುಕಿ ಹೆಬ್ಬೆರಳು ಮಡಚಿದಳು.

ನಾಳೆ ಬಾ. ಬಾಗಿಲು ತೆರೆದಿದೆ. ಏನೂ ಕೇಳುವುದಿಲ್ಲ.

ಅಣ್ಣ


ಸೊಲ್ಲಾಪುರ
೧೨ ಅಕ್ಟೋಬರ್ ೨೦೨೫

ಗುರುಸಿದ್ಧ,

ಇನ್ನು ‘ತಾವು’, ‘ನೀವು’ ಯಾವುದೂ ಇಲ್ಲ. ಥೂ ನಿನ್ನ!

ನಿನ್ನೆ ಕುಂಭಾರಿಯಲ್ಲಿ ಹದಿನಾಲ್ಕು ಜನ ನನಗಾಗಿ ಕಾಯುತ್ತಿದ್ದರು. ಬಸ್ಸು ಅದೇ ಊರಿನ ಮುಂದಿನಿಂದ ಹಾದು ಹೋಯಿತು. ದೀಪದ ಸಾಮಾನು ಇಳಿಸುತ್ತಿದ್ದದ್ದು ಕಿಟಕಿಯಿಂದ ಕಂಡಿತು. ಇಳಿಯಲಿಲ್ಲ. ಸೋಮೇಶನಿಗೆ ಫೋನು ಮಾಡಿ, "ಅವ್ವ ಹೋಗಾಕತ್ತಾಳ, ನೀವು ನಿಲ್ಲಸ್ರಿ" ಅಂದೆ. ಅಕ್ಕಲಕೋಟ ಬರುವವರೆಗೆ ಮುಖಕ್ಕೆ ಸೆರಗು ಹಿಡಿದು ಕೂತಿದ್ದೆ.

ಬಾಗಿಲು ತೆರೆದಿತ್ತು, ಅದೊಂದು ನಿಜ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಶೇಂಗಾ ಆರಿಸುತ್ತಿದ್ದಳು. ಗಟ್ಟಿಮುಟ್ಟಾಗಿ! ನನ್ನನ್ನು ನೋಡಿ, "ಬಂದ್ಯಾ?" ಅಂದಳು. ಅಷ್ಟೇ. ಗದ್ದ ಹಿಡಿದಳು, ತಲೆ ಸವರಿದಳು, ತಾಟು ತಂದಳು. ಶೇಂಗಾ ಹೋಳಿಗೆ, ಮೇಲೆ ತುಪ್ಪ. ನನಗೆ ಇಷ್ಟ ಅಂತ ನೆನಪಿಟ್ಟು ಮಾಡಿಸಿದ್ದೀಯಲ್ಲ, ಎಂಥ ತಯಾರಿ ನಿಂದು! ನಾಲ್ಕು ತಾಸು ಕೂತೆ. ಆಕೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಒಂದು ಮಾತೂ ಆಡಲಿಲ್ಲ, ಬರೀ "ಉಣ್ಣು, ಇನ್ನೊಂದು ಉಣ್ಣು" ಅಂದಳು. ಅಷ್ಟು ಹೆದರಿಸಿಟ್ಟಿದ್ದೀಯಾ ಆಕೆಯನ್ನು?

ನೀನು ಅಂಗಡಿಯಿಂದ ಮನೆಗೇ ಬರಲಿಲ್ಲ. ಮುಖ ತೋರಿಸಲು ಧೈರ್ಯ ಬೇಕು.

ಊರಿಗೆಲ್ಲ ಸುಳ್ಳು ಹೇಳು, ಪಕ್ಷಕ್ಕೆ ಹೇಳು, ದೇವರಿಗೂ ಹೇಳು. ಅಪ್ಪನ ಹೆಬ್ಬೆರಳಿನಲ್ಲಿ ಸುಳ್ಳು ಹೇಳಿದೆಯಲ್ಲ. ಅದೊಂದನ್ನು ನೀನು ಮುಟ್ಟುವುದಿಲ್ಲ ಅಂದುಕೊಂಡಿದ್ದೆ. ಭಾವುಸಾಹೇಬನ ಕೈಲೂ ನಾನು ಅಂಥದ್ದು ಮಾಡಿಸಲಿಲ್ಲ. ಬರೆಯುವಾಗ ನನಗೆ ಹೊಳೆಯಲೇ ಇಲ್ಲ.

ಶೂಟಿಂಗ್ ಹದಿನೆಂಟಕ್ಕೆ ಮತ್ತೆ ಇಟ್ಟಿದ್ದೇವೆ. ಭಾವುಸಾಹೇಬನಿಗೆ ಈ ಸಲ ನಿನ್ನ ಅಂಗಿಯನ್ನೇ ಹೊಲಿಸುತ್ತೇನೆ, ನಿನ್ನ ಹಣೆಯ ವಿಭೂತಿಯನ್ನೇ ಹಚ್ಚಿಸುತ್ತೇನೆ. ಅಕ್ಕಲಕೋಟದ ಚಿಕ್ಕ ಮಕ್ಕಳೂ ನಿನ್ನನ್ನು ಬೆರಳಿಟ್ಟು ತೋರಿಸಬೇಕು.

ಮನೀಷಾ


ಅಕ್ಕಲಕೋಟ
೧೪ ಅಕ್ಟೋಬರ್ ೨೦೨೫

ಮನೀಷಾ,

ಬೈದದ್ದು ಸಾಲದು, ಇನ್ನಷ್ಟು ಬೈಯಬಹುದಿತ್ತು. ಈಗ ಸುಮ್ಮನೆ ಓದು. ಓದಿ ಹರಿದು ಹಾಕು.

ಅವ್ವ ಚಾದರದ ಕೆಳಗೆ ಹೆಬ್ಬೆರಳು ಮಡಚಿದ್ದು ಸುಳ್ಳಲ್ಲ. ಉಸಿರು ಗಟ್ಟಿಯಾಗಿಯೇ ಇತ್ತು, ಅದು ನನ್ನ ಸುಳ್ಳು. "ನಾ ಸಾಯಾಕತ್ತೀನಿ ಅಂತ ಬರಿ. ಇಲ್ಲಂದ್ರ ಆಕಿ ಬರಂಗಿಲ್ಲ" ಅಂದವಳು ಅವ್ವ. ನಾನು ಬೇಡ ಅಂದೆ. "ಒಮ್ಮೆ ಹಂಗ ಮಾಡಿ ಆಕೀನ ಕಳಕೊಂಡೀವಿ, ಅವ್ವ" ಅಂದೆ. ಆಗ ನನ್ನ ಕೈ ಎಳೆದು ಚಾದರದ ಕೆಳಗೆ ಹೆಬ್ಬೆರಳು ಮಡಚಿದಳು. ಮಾತು ಮುಗೀತು, ಬರಿ ಅಂತ. ಹೋಳಿಗೆ ನಾನು ಮಾಡಿಸಿದ್ದಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಆಕೆಯೇ ಹೂರಣ ಕುಟ್ಟಿದಳು.

ಆಕೆ ಪ್ರತಿ ಭಾನುವಾರ ಸ್ನೇಹಲಳ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟು ನಿನ್ನ ಧಾರಾವಾಹಿ ನೋಡುತ್ತಾಳೆ. ಭಾವುಸಾಹೇಬ ಬಂದರೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾಳೆ, ನನ್ನ ಮುಖ ನೋಡಿ ಇನ್ನಷ್ಟು ನಗುತ್ತಾಳೆ. ಆ ‘ತಂಗಿಗೆ ಏನು ಮಾಡಿದ’ ಎಂಬ ಜಾಹೀರಾತು ಬಂದ ದಿನ ನಗು ನಿಂತಿತು. ಆ ರಾತ್ರಿಯೂ ಮರುದಿನ ಮುಂಜಾನೆಯೂ ರೊಟ್ಟಿ ಮುಟ್ಟಲಿಲ್ಲ. ತಿಕೀಟಿನ ಚಿಂತೆಗೆ ನಾನು ಬರೆದೆ ಅಂದುಕೊಂಡೆಯಲ್ಲ? ಆ ಚಿಂತೆಯೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮೊದಲನೆಯ ಪತ್ರ ಆ ರೊಟ್ಟಿಗಾಗಿ ಬರೆದದ್ದು.

ಹದಿನಾರನೆಯ ಇಸವಿಯಲ್ಲಿ ನೀನು ಅರ್ಜಿ ವಾಪಸ್ ತೆಗೆಯುವುದಿಲ್ಲ ಅಂದೆ. ನಾನು ಊಟಕ್ಕೆ ಕೂತು ಹಲ್ಲು ಕಡಿಯುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನನಗ ಉಸಿರು ಹತ್ಯಾದ ಅಂತ ಫೋನ್ ಮಾಡು. ಬರ್ತಾಳ. ಮುಂದಿಂದು ನಾ ನೋಡ್ಕೋತೀನಿ." "ಆಕಿ ಸಿಟ್ಟಾಗ್ತಾಳ" ಅಂದೆ. "ಮಗಳು ಸಿಟ್ಟಾದ್ರ ಇವತ್ತಲ್ಲ ನಾಳಿ ಬರ್ತಾಳ. ಮಗಾ ಸಿಟ್ಟಾದ್ರ ನಾ ಯಾರ ಮನಿಗಿ ಹೋಗ್ಲಿ?" ಅಂದಳು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ನನಗೆ ಅಷ್ಟು ಚೆಂದ ಕಟ್ಟಲು ಬರುವುದಿಲ್ಲ, ಅದು ನಿನ್ನ ಕೆಲಸ.

ಆಮೇಲೆ ನೀನು ಅಂಗಳದಲ್ಲಿ ನಿಂತು ನನ್ನ ಹೆಸರು ಹಿಡಿದು ಶಾಪ ಹಾಕಿ ಹೋದೆ. ಆಕೆ ಒಳಗೆ ಗೋಡೆಗೆ ಮುಖ ಮಾಡಿ ಕೂತು ಎಲ್ಲ ಕೇಳಿದಳು. ನೀನು ಎರಡು ಸಲ ಬಂದಾಗ ಬಾಗಿಲು ಹಾಕಿಸಿದ್ದೂ ಆಕೆಯೇ. "ಆಕಿ ಮಾರಿ ಹ್ಯಾಂಗ ನೋಡ್ಲಿ ನಾ" ಅಂದಳು. ಈ ಸಲ ಕರೆಸಿದ್ದು ಎಲ್ಲ ಹೇಳಿಬಿಡಲು. "ನೀ ಅಂಗಡ್ಯಾಗ ಇರು. ನೀ ಇದ್ರ ನನಗ ಬಾಯಿ ಬರಂಗಿಲ್ಲ" ಅಂದಳು. ಅಂಗಡಿಯಲ್ಲೇ ಇದ್ದೆ. ನಾಲ್ಕು ತಾಸಿನಲ್ಲಿ ಆಕೆಗೆ ‘ಉಣ್ಣು’ ಅಂತ ಬಿಟ್ಟು ಬೇರೇನೂ ಹೇಳಲಾಗಲಿಲ್ಲ.

ನನ್ನನ್ನು ಒಳ್ಳೆಯವನು ಅಂದುಕೊಳ್ಳಬೇಡ. ಧನರಾಜನ ಜೊತೆ ಸೌದಾ ನಂದೇ. ಕಾಗದ ಮುಂದಿಟ್ಟ ಕೈ ನಂದೇ. ಕುರ್ಚಿಯಲ್ಲಿ ಕೂತು ಸುಖ ಉಂಡವನೂ ನಾನೇ. ಬೇಕಾದಷ್ಟು ಬೈ. ಆದರೆ ಆಕೆ ಆ ಭರಣಿಯ ಮುಂದೆ ಕೂತು ಆ ದೃಶ್ಯ ನೋಡಬಾರದು.

ಗುರುಸಿದ್ಧ


ಸೊಲ್ಲಾಪುರ
೨೪ ಅಕ್ಟೋಬರ್ ೨೦೨೫

ಅಣ್ಣ,

ಹತ್ತು ದಿನ ಬರೆಯಲಿಲ್ಲ. ಮಲಕಾಜಪ್ಪನಿಗೂ ಮುಖ ತೋರಿಸಲಿಲ್ಲ.

ಮೊದಲು ನಿನ್ನ ಮಾತು ನಂಬಲಿಲ್ಲ. ಆಮೇಲೆ ಆ ದಿನ ನೆನಪಾಯಿತು. ಸಹಿ ಮಾಡುವಾಗ ನನ್ನ ಕೈಯಿಂದ ಪೆನ್ನು ಜಾರಿ ಹಾಸಿಗೆಯ ಮೇಲೆ ಬಿತ್ತು. ಕಣ್ಣು ಮುಚ್ಚಿ ಮಲಗಿದ್ದ ಅವ್ವ ಅದನ್ನು ನನ್ನ ಕಡೆ ತಳ್ಳಿದ್ದಳು. ಒಂಬತ್ತು ವರ್ಷ ಅದನ್ನು ನಾನು ಯಾರಿಗೂ ಹೇಳಿಲ್ಲ. ಚಿತ್ರಕಥೆಯಲ್ಲೂ ಬರೆದಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಹದಿನೆಂಟಕ್ಕೆ ಶೂಟಿಂಗಿನ ಜಾಗಕ್ಕೆ ಹೋಗಿ ದೃಶ್ಯ ಇಲ್ಲ ಅಂದೆ. ಸೋಮೇಶ ಕೈಯಲ್ಲಿದ್ದ ಹಾಳೆ ನೆಲಕ್ಕೆ ಬಿಸಾಡಿದ. "ಎರಡು ವರ್ಷ ಇದೊಂದ ದೃಶ್ಯದ ಸಲುವಾಗಿ ದುಡದೀವಿ. ಕಾರಣ ಹೇಳ್ರಿ" ಅಂದ. ಹೇಳಲಿಲ್ಲ. ಇನ್ನು ಅವನು ನನ್ನ ಜೊತೆ ಕೆಲಸ ಮಾಡುವುದಿಲ್ಲ.

ನಿನ್ನೆ ಬಂದ ಕೊನೆಯ ಕಂತು ನೋಡಿರಬೇಕು. ತಂಗಿಯ ಪಾತ್ರವೇ ಇಲ್ಲ. ಭಾವುಸಾಹೇಬ ಹಾರ ಹಾಕಿಕೊಂಡು ಬಿನವಿರೋಧ ಗೆದ್ದು, ತಾನೇ ಒಡೆಸಿದ ಗಟಾರ ದಾಟಿ ಮನೆಗೆ ಹೋಗುತ್ತಾನೆ. ಮುಗೀತು. ಕೆಳಗೆ ಜನ ಬರೆದದ್ದನ್ನು ಸ್ನೇಹಲಳಿಂದ ಓದಿಸಿಕೋ. "ಲೇಖಕಿ ಎಷ್ಟಕ್ಕೆ ಮಾರಾಟವಾದಳು?" "ಕೊನೆಗೆ ಭಾವುಸಾಹೇಬ ಈಕೆಯ ಕಿರುಬೆರಳೂ ಹಿಡಿದ." ನಮ್ಮ ಮಾಲೀಕರು ಮಾತು ಬಿಟ್ಟಿದ್ದಾರೆ. ನನಗೆ ಮತ್ತೊಮ್ಮೆ ಜನ ಕಿವಿಗೊಟ್ಟಿದ್ದರು. ಮತ್ತೊಮ್ಮೆ ನಾನೇ ಅರ್ಜಿ ವಾಪಸ್ ತೆಗೆದೆ.

ನಿನ್ನನ್ನು ಕ್ಷಮಿಸಿಲ್ಲ. ಅವ್ವನ ಮೇಲೆ ನಿನಗಿಂತ ಹೆಚ್ಚು ಸಿಟ್ಟು ಬಂದಿದೆ, ಮೈ ಉರಿಯುವಷ್ಟು. ಆದರೂ ಮುಂದಿನ ಗುರುವಾರ ಬರುತ್ತೇನೆ. ಹೋಳಿಗೆ ಬೇಡ ಅಂತ ಹೇಳು.

ಮನೀಷಾ


ಅಕ್ಕಲಕೋಟ
೨೬ ಅಕ್ಟೋಬರ್ ೨೦೨೫

ತಂಗಿ,

ಆಶೀರ್ವಾದ.

ಭಾವುಬೀಜದ ಸಂಜೆ ಅವ್ವ ಭರಣಿಯ ಮುಂದೆ ಕೂತಳು, ನನ್ನನ್ನೂ ಕೂಡಿಸಿಕೊಂಡಳು. ಕಂತು ಮುಗಿಯುವವರೆಗೆ ಸೆರಗಿನ ಕೆಳಗೆ ನನ್ನ ಕೈ ಬಿಡಲಿಲ್ಲ. ಬೆರಳು ತಣ್ಣಗಾಗಿದ್ದವು. ಭಾವುಸಾಹೇಬ ಗಟಾರ ದಾಟಿ ಮನೆಗೆ ಹೋದ, ಹೆಸರುಗಳು ಬಂದವು, ತೆರೆ ಕಪ್ಪಾಯಿತು. ಆಕೆ ಇನ್ನೂ ಅದನ್ನೇ ನೋಡುತ್ತಿದ್ದಳು.

"ಮುಗೀತೇನು?" ಅಂದಳು.

"ಮುಗೀತು" ಅಂದೆ.

"ತಂಗೀದು ತೋರಸ್ಲೇ ಇಲ್ಲ."

"ಇಲ್ಲ."

ಫೋನನ್ನು ಬೋರಲು ಇಟ್ಟಳು. ಆಮೇಲೆ ನನ್ನ ಕಡೆ ತಿರುಗದೆ, "ಗುರುಸಿದ್ಧ, ಆಕೀಗಿ ಗೊತ್ತಾಗೇದೇನು?" ಎಂದು ಕೇಳಿದಳು.

ಇಲ್ಲ ಅಂದೆ. ಆಕೆ ನನ್ನ ಹೆಬ್ಬೆರಳು ಮಡಚಿದಳು, ಎದ್ದು ಹೋಗಿ ತಾನೇ ರೊಟ್ಟಿ ಬಡಿಸಿಕೊಂಡು ಉಂಡಳು.

ಗುರುವಾರ ಬಾ. ಹೋಳಿಗೆ ಬೇಡ ಅಂತ ಹೇಳಿದೆ, ಕೇಳುವುದಿಲ್ಲ, ಮಾಡುತ್ತಾಳೆ. ಉಣ್ಣು. ನಾನು ಹೇಳಿದ ಸುಳ್ಳುಗಳನ್ನೆಲ್ಲ ಊರ ಮುಂದೆ ಎಳೆದು ಹಾಕಿದವಳು ನೀನು. ಇದೊಂದನ್ನು ಮಾತ್ರ ಕಾಪಾಡು.

ಅಣ್ಣ